ಬಿಸಿ ಟೈರಿನ ಗಾಳಿ

ಆ ರಾತ್ರಿ ತಂಗಬೇಕಿದ್ದ ಊರು ಸೆಡುನಾ ಇನ್ನೂ ಮುನ್ನೂರು ಕಿಲೋಮೀಟರ್ ದೂರವಿತ್ತು. ನಡುಮಧ್ಯಾಹ್ನ. ಪೆಟ್ರೋಲ್ ಬಂಕಿನ ಅಂಗಳದಲ್ಲಿ ಗ್ಲೆನಿಸ್ ಮಂಡಿಯೂರಿ ಕೂತು ಒಳಗೇ ಮಲಗುವ ಜಾಗವಿದ್ದ ತನ್ನ ಮನೆಗಾಡಿಯ ಹಿಂದಿನ ಟೈರಿಗೆ ಗಾಳಿ ಅಳೆಯುವ ಗೇಜು ಒತ್ತಿದಳು. ಗಾಳಿಯ ಒತ್ತಡ ಎಪ್ಪತ್ತನಾಲ್ಕು. ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ ಅರವತ್ತೈದು ಇತ್ತು.

"ಎಷ್ಟು?" ನೆವಿಲ್ ಬಗ್ಗಿ ನೋಡಿದ. ಪರ್ತ್‌ನಿಂದ ಜೊತೆಯಾಗಿ ಹೊರಟಿದ್ದ ನಾಲ್ಕು ಗಾಡಿಗಳಲ್ಲಿ ಮುಂದಿನದು ಅವನದು, ಯಜಮಾನಿಕೆಯೂ ಅವನದೇ. "ಅಯ್ಯೋ ಮಾರಾಯ್ತಿ, ಒಂಬತ್ತು ಜಾಸ್ತಿ. ಬಿಡು ಗಾಳೀನ."

"ಬಿಡಲ್ಲ. ಓಡಿ ಓಡಿ ಬಿಸಿಯಾಗಿದೆ, ಅದಕ್ಕೇ ಏರಿದೆ."

"ನಲವತ್ತು ವರ್ಷ ಲಾರಿ ಓಡಿಸಿದೋನು ನಾನು."

ಗ್ಲೆನಿಸ್ ಗಾಡಿ ಓಡಿಸಲು ಹಿಡಿದು ಆರೇ ತಿಂಗಳಾಗಿತ್ತು. ಗಂಡ ಮರ್ವ್‌ನ ಕಣ್ಣು ಮಂದವಾಗಿ ಲೈಸೆನ್ಸ್ ಹೋದ ಮೇಲೆ, ಮಂಗಳವಾರದ ಸಂಜೆ ತರಗತಿಗೆ ಸೇರಿ ಕಲಿತಿದ್ದಳು. ದಾರಿಯಲ್ಲಿ ಒಂದು ಟೈರ್ ಒಡೆದರೂ ಗಾಡಿ ಮಾರಿಬಿಡುವುದೆಂದು ಮರ್ವ್ ಮೊದಲೇ ಹೇಳಿದ್ದ. ಮಾರಿದರೆ ಅವಳಿಗೆ ಉಳಿಯುವುದು ಅಡಿಲೇಡಿನ ಅವರ ಎರಡು ಕೋಣೆಯ ಮನೆ, ಮತ್ತು ಅವನ ಟಿ.ವಿ.

ತರಗತಿಯಲ್ಲಿ ಬರೆದುಕೊಂಡಿದ್ದು ನೆನಪಿತ್ತು: ಬಿಸಿಯಲ್ಲಿ ಗಾಳಿ ಬಿಟ್ಟರೆ ತಣ್ಣಗಾದಾಗ ಕಮ್ಮಿಯಾಗುತ್ತದೆ, ಕಮ್ಮಿ ಗಾಳಿಯಲ್ಲಿ ಓಡಿದ ಟೈರ್ ಬಳುಕಿ ಬಳುಕಿ ಇನ್ನೂ ಕಾಯುತ್ತದೆ, ಒಡೆಯುವುದು ಆಗಲೇ. ಸರಿಯಾಗಿಯೇ ಬರೆದುಕೊಂಡಿದ್ದೆನಾ? ಉಳಿದ ಮೂರೂ ಟೈರುಗಳನ್ನು ಅಳೆದಳು. ಎಲ್ಲವೂ ಹೆಚ್ಚುಕಮ್ಮಿ ಅಷ್ಟೇ ಏರಿದ್ದವು. ಒಂದೇ ಏರಿದ್ದರೆ ಹೆದರಬೇಕಿತ್ತು.

ನೆವಿಲ್ ತನ್ನದೇ ಗೇಜು ಹಿಡಿದು ಬಂದು ವಾಲ್ವಿನತ್ತ ಕೈ ಚಾಚಿದ. ಗ್ಲೆನಿಸ್ ಅಂಗೈಯಿಂದ ವಾಲ್ವ್ ಮುಚ್ಚಿದಳು. ರಿಮ್ಮು ಸುಡುತ್ತಿತ್ತು. ಕೈ ತೆಗೆಯಲಿಲ್ಲ.

"ಹೋಗಿ ನಿನ್ನ ಗಾಡೀದು ಗಾಳಿ ಬಿಟ್ಕೊ, ನೆವ್."

"ಹೇಳಿದ್ದು ಕೇಳದೋರ್ನ ನಾನು ಜೊತೆಗೆ ಕರ್ಕೊಂಡು ಹೋಗಲ್ಲ. ದಾರೀಲಿ ಒಡೆದ್ರೆ ನನ್ನ ಕೂಗ್ಬೇಡ."

"ಕೂಗಲ್ಲ."

ಮರ್ವ್ ಕಿಟಕಿಯಿಂದ ತಲೆ ಹಾಕಿದ. "ಗ್ಲೆನ್, ಅವನು ಹೇಳಿದ ಹಾಗೆ ಮಾಡಬಾರ್ದಾ? ಅವನಿಗೆ ಗೊತ್ತಿರುತ್ತೆ."

"ನಿಂಗೆ ಅಷ್ಟು ನಂಬಿಕೆ ಇದ್ರೆ ಅವನ ಗಾಡೀಲಿ ಹೋಗು. ಅಲ್ಲೂ ಸೀಟಿದೆ."

ಮರ್ವ್ ನೆವಿಲ್‌ನ ಕಡೆ ನೋಡಿದ. ನೆವಿಲ್‌ನ ಎರಡು ನಾಯಿಗಳು ಆ ಸೀಟಿನಲ್ಲೇ ಮಲಗಿದ್ದವು. ಕೊನೆಗೆ ಕಿಟಕಿ ಏರಿಸಿಕೊಂಡು ಕೂತಲ್ಲೇ ಕೂತ.

ಮೂರು ಗಾಡಿಗಳು ಹೊರಟುಹೋದವು. ಗ್ಲೆನಿಸ್ ಎಂಬತ್ತರ ವೇಗ ದಾಟದೆ ಓಡಿಸಿದಳು. ರಸ್ತೆಯ ಪ್ರತಿ ಕುಲುಕಿಗೂ ಕನ್ನಡಿಯಲ್ಲಿ ಹಿಂದಿನ ಟೈರಿನ ಕಡೆ ನೋಡುತ್ತಿದ್ದಳು; ಸುಟ್ಟ ಅಂಗೈ ಸ್ಟೇರಿಂಗಿಗೆ ತಾಗಿ ಉರಿಯುತ್ತಿತ್ತು. ಸಂಜೆಗೆ ಸೆಡುನಾ ತಲುಪಿದರು; ಉಳಿದ ಮೂರು ಗಾಡಿಗಳೂ ಅಲ್ಲೇ ತಂಗಿದ್ದವು.

ಮರುದಿನ ಬೆಳಕು ಹರಿಯುವಾಗಲೇ ಎದ್ದು ಅಳೆದಳು, ಒಂದೊಂದನ್ನೂ ಗಟ್ಟಿಯಾಗಿ ಹೇಳಿಕೊಂಡಳು. ಅರವತ್ತೈದು, ಅರವತ್ತೈದು, ಅರವತ್ತೈದು, ಅರವತ್ತನಾಲ್ಕು. ಹಿಂದೆ ಮರ್ವ್ ಟೀ ಹಿಡಿದು ನಿಂತಿದ್ದ.

"ಆ ಒಂದು ಎಲ್ಲಿ ಹೋಯ್ತು?"

"ಅಳೆದೂ ಅಳೆದೂ ನಾನೇ ಕಳೆದಿರ್ತೀನಿ."

ಅವನು ನಗಲಿಲ್ಲ, ಟೀ ಅವಳ ಕೈಗಿಟ್ಟ. "ನೆವಿಲ್ ಎಂಟಕ್ಕೆ ಹೊರಡ್ತಾನಂತೆ. ಜೊತೆಗೆ ಬರ್ತೀರಾ ಅಂತ ಕೇಳ್ದ."

"ಏನಂದೆ?"

"ಗಾಡಿ ಅವಳ್ದು, ಅವಳನ್ನೇ ಕೇಳು ಅಂದೆ."

"ನಾವು ಏಳಕ್ಕೇ ಹೊರಡೋಣ," ಎಂದು ಗ್ಲೆನಿಸ್ ಆ ಅರವತ್ತನಾಲ್ಕರ ಟೈರಿಗೆ ತುಂಬಲು ಗಾಳಿ ಪಂಪು ಹೊರತೆಗೆದಳು.