ಆಪರೇಟರ್ ಹೇಳದೇ ಹೋದದ್ದು

ಗಂಡನ ಹೆಣದ ಪಕ್ಕದಿಂದ ಅವಳು ಮತ್ತೆ ಎದ್ದಳು. ಬಾಡಿಗೆ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಾಗಿಲಿಗೆ ಬಂದು, ಆಗತಾನೇ ಚಪ್ಪಲಿ ಬಿಡುತ್ತಿದ್ದ ಕ್ಷೌರಿಕನನ್ನು ತಡೆದು ನಿಲ್ಲಿಸಿದಳು.

"ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ ಇವರು?"

"ಏನಮ್ಮಾ?"

"ಆ ಸಿನಿಮಾದ ಪ್ರಶ್ನೆಗೆ ಉತ್ತರ."

ಕ್ಷೌರಿಕ ಒಳಗೆ ಮಲಗಿಸಿದ್ದ ಟಾಕೀಸಿನ ಆಪರೇಟರನತ್ತ ನೋಡಿದ, ಅವನೇ ಏನಾದರೂ ಹೇಳಿಕೊಡಲಿ ಎನ್ನುವಂತೆ. "ನನ್ನ ಕುರ್ಚೀಲಿ ಕೂತ್ರೆ ನಿದ್ದೆ ಹೊಡೀತಿದ್ರು. ಬಾಯಿ ಬಿಟ್ರೆ 'ಕಿವಿ ಹತ್ರ ಹುಷಾರಪ್ಪ' ಅಂತಿದ್ರು, ಅಷ್ಟೇ."

ಅವಳ ತಮ್ಮ ಬಂದು ಮೊಣಕೈ ಹಿಡಿದ. "ಅಕ್ಕಾ, ಬಂದವರಿಗೆಲ್ಲ ಪರೀಕ್ಷೆ ಇಟ್ಟಿದ್ದೀಯಲ್ಲ. ಕೂತ್ಕೋ. ಭಾವ ಹೋದ್ರು. ಇನ್ನೆಂಥ ಉತ್ತರ?"

"ಹೋದ್ರು ಅಂತಾನೇ ಬೇರೆಯವರನ್ನ ಕೇಳ್ತಿರೋದು."

"ಇದ್ದಾಗ ಕೇಳ್ಲಿಲ್ವಾ?"

"ಕೇಳ್ದೆ. ನೋಡೋಣ ಅಂದ್ರು."

ತಮ್ಮನಿಗೆ ನಗು ಬಂತು. ಸಾವಿನ ಮನೆ ಎಂದು ನೆನಪಾಗಿ ಅದನ್ನು ಕೆಮ್ಮಿಗೆ ತಿರುಗಿಸಿದ. ಅವಳು ಆಗಲೇ ಗೇಟಿನತ್ತ ಹೊರಟಿದ್ದಳು.

*

ಆ ಸಿನಿಮಾ ಅವರ ಟಾಕೀಸಿನಲ್ಲಿ ಇಡೀ ಒಂದು ಚಳಿಗಾಲ ಓಡಿತ್ತು. ಅವನು ಮೇಲೆ ಕ್ಯಾಬಿನ್ನಿನಲ್ಲಿ ರೀಲು ಬದಲಿಸುತ್ತಿದ್ದ, ಅವಳು ಕೆಳಗೆ ಕಿಂಡಿಯಲ್ಲಿ ಕೂತು ಟಿಕೆಟ್ ಹರಿಯುತ್ತಿದ್ದಳು. ಕೊನೆಯ ದೃಶ್ಯ ಒಂದು ರೈಲು ನಿಲ್ದಾಣದಲ್ಲಿ. ಟಿಕೆಟ್ ಕಲೆಕ್ಟರೊಬ್ಬ ಬಂದು ಮುದುಕನಾಗಿರುವ ಹೀರೋನನ್ನು ಕೇಳುತ್ತಾನಂತೆ: "ಇದೇ ಬದುಕು, ಕೂದಲೆಳೆಯಷ್ಟೂ ಬದಲಾಗದೆ ಮತ್ತೆ ಸಿಗುತ್ತೆ. ಹತ್ತುತ್ತೀಯೋ, ಬಿಡುತ್ತೀಯೋ?"

ಅವಳು ಆ ದೃಶ್ಯ ನೋಡಿರಲಿಲ್ಲ. ಮುಂದಿನ ಆಟದ ಜನ ಕಿಂಡಿಗೆ ಮುತ್ತುವ ಹೊತ್ತು ಅದು. ಹೊರಬರುವವರೆಲ್ಲ ಅದನ್ನೇ ಹಿಡಿದು ಜಗಳವಾಡುತ್ತಿದ್ದರು. "ನಾನಂತೂ ಹತ್ತಲ್ಲಪ್ಪ, ಮತ್ತೆ ಗಣಿತದ ಪರೀಕ್ಷೆ ಯಾರು ಬರೀತಾರೆ" ಎಂದು ಒಬ್ಬ. "ನೀನು ಹತ್ತೋದಾದ್ರೆ ನಾನು ಬೇರೆ ಬೋಗಿ" ಎಂದು ಗಂಡನಿಗೆ ಒಬ್ಬಳು.

ರಜೆಯ ದಿನ ಇಬ್ಬರೂ ತಾರಸಿಯಲ್ಲಿ ಒದ್ದೆ ಹೊದಿಕೆಯ ಒಂದೊಂದು ತುದಿ ಹಿಡಿದು ಹಿಂಡುವಾಗ ಅವಳು ಕೇಳಿದ್ದಳು. "ನೀವಾದ್ರೆ ಹತ್ತುತ್ತೀರಾ?"

ಅವನ ಕೈ ನಿಂತಿತು. "ಎಲ್ಲಾನೂ ಮತ್ತೆ ಬರುತ್ತಾ?"

"ಎಲ್ಲಾನೂ."

"ಆ ವಾರಾನೂ?"

ಮಗಳ ಜ್ವರ, ಆಸ್ಪತ್ರೆಯ ಉದ್ದನೆಯ ಕಾರಿಡಾರು, ಕೊನೆಗೆ ಇಬ್ಬರೇ ಮನೆಗೆ ವಾಪಸಾದದ್ದು. ಅದಕ್ಕೆ ಆ ಮನೆಯಲ್ಲಿ ಇದ್ದ ಹೆಸರು ಅಷ್ಟೇ, ಆ ವಾರ.

"ಅದೂ."

ಅವನು ಹೊದಿಕೆಯನ್ನು ಇನ್ನೂ ತಿರುಚಿದ. ನೀರು ಇಳಿಯುವುದು ನಿಂತಮೇಲೂ ತಿರುಚಿದ. "ನೋಡೋಣ" ಎಂದ.

ಆ ವಾರ ಬೇಡವೆಂದರೆ ಮಗಳು ನಕ್ಕು ಓಡಾಡಿದ ವರ್ಷಗಳೂ ಇಲ್ಲ, ನಾನೂ ಇಲ್ಲ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಅಂದಿನಿಂದ ಅವನು ಊಟದ ಮಧ್ಯೆ ಸುಮ್ಮನಾದಾಗಲೆಲ್ಲ, ಈಗ ಹೇಳುತ್ತಾನೆ, ಈಗ, ಎಂದು ಕಾದಳು. ಟಾಕೀಸು ಮುಚ್ಚಿತು. ಅವನ ಕೂದಲು ಬೆಳ್ಳಗಾಯಿತು. ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಾ ಕುಸಿದು ಬಿದ್ದ.

*

ಗೇಟಿನ ಬಳಿ ಟಾರ್ಚ್ ಸಿಕ್ಕಿದ. ಟಾಕೀಸಿನ ಕತ್ತಲಲ್ಲಿ ಜನರಿಗೆ ಸೀಟು ತೋರಿಸುವ ಕೆಲಸದವನಾಗಿದ್ದರಿಂದ ಆ ಹೆಸರು. ಅವನಿಗೂ ಅದೇ ಪ್ರಶ್ನೆ.

"ಅವರೇನು ಹೇಳಿದ್ರೋ ಗೊತ್ತಿಲ್ಲ ಅತ್ತಿಗೆ. ಆದ್ರೆ ಸಿನಿಮಾದಲ್ಲಿ ಹೀರೋ ಉತ್ತರ ಕೊಡ್ತಾನೆ, ಗೊತ್ತಾ?"

"ಎಲ್ಲಿ ಕೊಡ್ತಾನೆ? ಜನ ಅದಕ್ಕೇ ತಾನೆ ಕಿತ್ತಾಡ್ತಿದ್ದದ್ದು?"

"ನಮ್ಮಲ್ಲಿ ಕೊಡ್ತಿರ್ಲಿಲ್ಲ. ಬೇರೆ ಊರಲ್ಲಿ ನೋಡಿ ನಾನೇ ಬೆಪ್ಪಾದೆ. ಥಟ್ಟಂತ 'ಹತ್ತುತ್ತೀನಿ' ಅಂತಾನೆ. ಅವನ ಬೆನ್ನಷ್ಟೇ ಕಾಣೋದು, ಆಮೇಲೆ ಬರೀ ಹೊಗೆ. ನಮ್ಮ ಆಪರೇಟರ್ ಸರಿಯಾಗಿ ಆ ಮಾತಿಗೆ ಸೌಂಡ್ ಇಳಿಸಿಬಿಡ್ತಿದ್ರು. ಪ್ರತಿ ಆಟಕ್ಕೂ. ಜನ ಪ್ರಿಂಟೇ ಹಾಗೆ ಅಂದ್ಕೊಂಡ್ರು."

ಅವಳು ಗೇಟಿನ ಸರಳು ಹಿಡಿದುಕೊಂಡಳು. "ಯಾಕಂತೆ?"

"ಕೇಳ್ದೆ. 'ಅವನಿಗೇನು, ಬರೆದುಕೊಟ್ಟಿದ್ದನ್ನ ಒಪ್ಪಿಸ್ತಾನೆ. ಮಗು ಕಳ್ಕೊಂಡೋರೂ ಕೆಳಗೆ ಕೂತಿರ್ತಾರೆ. ಅವರ ಪರವಾಗಿ ಇವನ್ಯಾಕೆ ಹೂಂ ಅನ್ಬೇಕು' ಅಂದ್ರು."

"ಹಾಗಾದ್ರೆ ಬೇಡ ಅಂತಾನೇ."

"ಬೇಡ ಅಂತ ಗಟ್ಟಿಯಾಗಿದ್ದಿದ್ರೆ ತಮ್ಮ ಪಾಡಿಗೆ ರೀಲು ಸುತ್ಕೊಂಡಿರ್ತಿದ್ರು. ಇವರು ಸೌಂಡ್ ಇಳಿಸಿ, ಕ್ಯಾಬಿನ್ನಿನ ಆ ಸಣ್ಣ ಗಾಜಿಗೆ ಹಣೆ ಒತ್ತಿ, ಕೆಳಗಿನ ಜನರನ್ನ ನೋಡ್ತಾ ನಿಲ್ತಿದ್ರು. ದಿನಾ. ಅವರಿಗೇ ಗೊತ್ತಿರ್ಲಿಲ್ವೇನೋ." ಟಾರ್ಚ್ ಮೂಗು ಒರೆಸಿಕೊಂಡ. "ಅದಿರ್ಲಿ, ನಿಮ್ಮದೇನು?"

"ನಂದೇನು?"

"ಉತ್ತರ."

ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ. ಬಾಯಿ ತೆರೆದಳು. ಹಿಂದಿನಿಂದ ತಮ್ಮ ಬಂದ. "ಅಕ್ಕಾ, ಎತ್ತೋಣ್ವಾ?"

ಎತ್ತಿದರು. ವ್ಯಾನಿನ ಹಿಂದೆ ತಮ್ಮ ಮತ್ತು ಹೆಗಲು ಕೊಟ್ಟ ಉಳಿದ ಮೂವರು ಹತ್ತಿದರು. ಅವಳು ಹಟ ಮಾಡಿ ಮುಂದೆ, ಡ್ರೈವರನ ಪಕ್ಕ ಕೂತಳು. ಬೀದಿಯ ತುದಿಯಲ್ಲಿ ಅವನು ಎಡಕ್ಕೆ, ಸ್ಮಶಾನದ ರಸ್ತೆಗೆ ತಿರುಗಿಸಹೊರಟಾಗ ಅವಳು ಸ್ಟೀರಿಂಗಿನ ಮೇಲೆ ಕೈಯಿಟ್ಟಳು.

"ಬಲಕ್ಕೆ ಹೋಗಪ್ಪ."

"ಬಲಕ್ಕೆ ಹೋದ್ರೆ ಸುತ್ತು ಹಾಕಿ ಮತ್ತೆ ನಿಮ್ಮನೆ ಮುಂದೆನೇ ಬರ್ತೀವಮ್ಮ."

"ಗೊತ್ತು. ಒಬ್ಬರಿಗೆ ಉತ್ತರ ಕೊಡೋದು ಬಾಕಿ ಇದೆ."

"ಅಕ್ಕಾ, ಏನಿದು?" ಹಿಂದಿನಿಂದ ತಮ್ಮ.

ಡ್ರೈವರ್ ಕನ್ನಡಿಯಲ್ಲಿ ತಮ್ಮನ ಮುಖ ನೋಡಿದ, ಆಮೇಲೆ ಇವಳದ್ದು. ಬಲಕ್ಕೆ ತಿರುಗಿಸಿದ.

ಮನೆಯ ಮುಂದೆ ಆಗಲೇ ಕುರ್ಚಿ ಜೋಡಿಸಿಡುವ ಸದ್ದು. ಕ್ಷೌರಿಕ ಬೀದಿಗಿಳಿದು ನಾಲ್ಕು ಹೆಜ್ಜೆ ಹೋಗಿದ್ದ. ಪಕ್ಕದ ಮನೆಯಾಕೆ ಬಕೆಟ್ಟು ತಂದು ಅಂಗಳಕ್ಕೆ ನೀರು ಹಾಕಲು ಬಗ್ಗಿದ್ದಳು. ಬೀದಿಯ ಆ ತುದಿಯಿಂದ ಅದೇ ವ್ಯಾನು ನಿಧಾನವಾಗಿ ಬರುವುದನ್ನು ಮೊದಲು ಕಂಡದ್ದು ಆಕೆಯೇ. ಬಕೆಟ್ಟು ಕೆಳಗಿಟ್ಟಳು. ಒಬ್ಬ ಎತ್ತಿದ ಕುರ್ಚಿಯನ್ನು ಇಳಿಸಿದ. ಕ್ಷೌರಿಕ ಹಿಂದಿರುಗಿ ಬಂದ. ಸ್ವಲ್ಪ ಮುಂಚೆ ಎಲ್ಲೆಲ್ಲಿ ನಿಂತಿದ್ದರೋ ಅಲ್ಲಲ್ಲಿಗೇ ಹೋಗಿ, ಕೈ ಕಟ್ಟಿ, ಮತ್ತೆ ನಿಂತರು.