ಬೈಗುಳಕ್ಕೊಂದು ಡಿಕ್ಷನರಿ

ದರ್ಜಿಯ ಮನೆಯಲ್ಲಿ ಜಗಳವಾಡಬೇಕೆಂದರೆ ಇಂಗ್ಲಿಷಿನಲ್ಲೇ ಆಡಬೇಕು. ಅದೂ ಅಂತಿಂಥ ಇಂಗ್ಲಿಷಲ್ಲ, ಡಿಕ್ಷನರಿಯಿಂದ ಹೆಕ್ಕಿ ತೆಗೆದ ಗಟ್ಟಿ ಪದಗಳೇ ಆಗಬೇಕು. ಈ ಕಾನೂನು ಮಾಡಿದವನು ದರ್ಜಿಯೇ. ಅವನ ಹೆಂಡತಿ ನರ್ಸು. ಹೆಡ್ ನರ್ಸ್ ಆಗುವುದಕ್ಕೆ ಆಸ್ಪತ್ರೆಯವರು ಇಟ್ಟಿದ್ದ ಇಂಗ್ಲಿಷ್ ಪರೀಕ್ಷೆಯಲ್ಲಿ ಪಾಪ, ಒಮ್ಮೆ ಡುಮ್ಕಿ ಹೊಡೆದಿದ್ದಳು. ಹೇಗೂ ದಿನಾ ಜಗಳವಾಡುತ್ತೇವಲ್ಲ, ಅದರಲ್ಲೇ ಓದೂ ಆಗಿಬಿಡಲಿ ಎಂಬುದು ಈ ಮಹಾಶಯನ ಲೆಕ್ಕಾಚಾರ.

ಮೊದಮೊದಲು ಮಜವಾಗಿಯೇ ಇತ್ತು. ಇವನು ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆದರೆ ಅವಳು ಕೆಂಡಾಮಂಡಲವಾಗಿ ಡಿಕ್ಷನರಿ ಮಗುಚುತ್ತಿದ್ದಳು. ಮೈಗಳ್ಳನಿಗೆ ‘ಇಂಡೊಲೆಂಟ್’ ಅನ್ನುತ್ತಾರೆಂದು ಗೊತ್ತಾಗುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಉಚ್ಚಾರಣೆ ಸರಿಮಾಡಿಕೊಳ್ಳುವಷ್ಟರಲ್ಲಿ ಇಬ್ಬರಿಗೂ ನಗು. ಪಕ್ಕದ ಮನೆಯವರಿಗೆ ಮಾತ್ರ ಏನೂ ಅರ್ಥವಾಗದೆ ಬೇಜಾರೋ ಬೇಜಾರು.

ಪರೀಕ್ಷೆಯ ಹಿಂದಿನ ಸಂಜೆ ಅವಳು ಪುಸ್ತಕ ಮುಚ್ಚಿಟ್ಟಳು.

“ನಾನು ಹೋಗಲ್ಲ ರೀ. ಒಂದು ಪದಾನೂ ತಲೇಲಿ ನಿಂತಿಲ್ಲ. ಮತ್ತೆ ಫೇಲಾಗಿ ನನಗಿಂತ ಚಿಕ್ಕವರ ಮುಂದೆ ತಲೆ ತಗ್ಗಿಸೋಕೆ ನನ್ನಿಂದಾಗಲ್ಲ.”

ದರ್ಜಿ ರಮಿಸಿ ನೋಡಿದ, ನಗಿಸಿ ನೋಡಿದ. ಅವಳು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಡಿಕ್ಷನರಿಯನ್ನು ಕೈಗೆತ್ತಿಕೊಂಡು, ಬೇಕೆಂದೇ ಮುಖ ಗಂಟು ಹಾಕಿಕೊಂಡ.

“ಬಿಡು, ಒಳ್ಳೇದೇ ಆಯ್ತು. ನಿಂಗಾಗಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ನಿಮ್ಮ ಮನೇಲಿ ಯಾರ ತಲೆಗೆ ತಾನೇ ಓದು ಹತ್ತಿದೆ? ನಿಮ್ಮಪ್ಪನೂ ಅಷ್ಟೇ.”

ಮಾವನ ಸುದ್ದಿ ಎತ್ತಿದ್ದೇ ತಡ, ಅವಳು ದಡಕ್ಕನೆ ಎದ್ದಳು.

“ಇನ್‌ಕಾರಿಜಿಬಲ್ ರೀ ನೀವು! ಎಷ್ಟು ಹೇಳಿದ್ರೂ ತಿದ್ದಿಕೊಳ್ಳದ ಮನುಷ್ಯ! ಕಂಡಿಸೆಂಡಿಂಗ್, ಬೇರೆಯವರು ಅಂದ್ರೆ ಕೀಳು ನಿಮಗೆ! ಪಾರ್ಸಿಮೋನಿಯಸ್, ಒಂದೊಳ್ಳೆ ಮಾತಾಡೋಕೂ ಜಿಪುಣತನ! ಕ್ಯಾಲಸ್, ಕಲ್ಲು ಮನಸ್ಸು...” ಅನ್ನುತ್ತಾ ಅತ್ತೇಬಿಟ್ಟಳು.

ಅವನೋ, ಇವಳು ಇನ್ನು ಜನ್ಮದಲ್ಲಿ ನನ್ನ ಜೊತೆ ಮಾತಾಡುವುದಿಲ್ಲ ಎಂದೇ ಹೆದರಿಹೋಗಿದ್ದ.

“ಡಿಕ್ಷನರಿ ನನ್ನ ಕೈಲೇ ಇದೆ ಕಣೇ,” ಅಂದ ಮೆಲ್ಲಗೆ. “ನೀನು ಒಂದು ಪದಕ್ಕೂ ತೆಗೆದು ನೋಡಲಿಲ್ಲ.”

ಅವಳ ಅಳು ಅರ್ಧಕ್ಕೇ ನಿಂತಿತು. ಅವನ ಕೈ ನೋಡಿದಳು, ಮುಖ ನೋಡಿದಳು.

“ಮಾವನವರ ಸುದ್ದಿ ಎತ್ತಬಾರದಿತ್ತು. ತಪ್ಪಾಯ್ತು.”

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

“ಅದನ್ನ ನಾಳೆ ಪರೀಕ್ಷೆ ಬರೆದು ಬಂದ್ಮೇಲೆ ವಿಚಾರಿಸ್ಕೋತೀನಿ. ಬೆಳಗ್ಗೆ ಬೇಗ ಎಬ್ಬಿಸಿ.”