ಸಸಿ ನೆಟ್ಟ ಕೈ

ಆ ಮಾವಿನ ಸಸಿಗೆ ನೀರು ಹಾಕುವಾಗ ಕುಂಬಾ ಮುಖವನ್ನು ಅತ್ತ ತಿರುಗಿಸಿಕೊಳ್ಳುತ್ತಿದ್ದಳು. ಸೋರೆಬುರುಡೆಯನ್ನು ಓರೆ ಮಾಡಿ, ನದಿಯ ಕಡೆ ನೋಡುತ್ತ, ನೀರು ಬುಡಕ್ಕೆ ಬಿತ್ತೋ ಬದುವಿಗೆ ಬಿತ್ತೋ ಎಂದೂ ಗಮನಿಸದೆ ಸುರಿದು, ಸರಸರನೆ ನಡೆದುಬಿಡುತ್ತಿದ್ದಳು. ಈರುಳ್ಳಿ ಮಡಿಗೆ, ಬೆಂಡೆ ಸಾಲಿಗೆ ಅವಳು ಹಾಗೆ ನೀರು ಹಾಕಿದವಳಲ್ಲ. ನಾನು ಅದನ್ನು ಅಸಡ್ಡೆ ಎಂದುಕೊಂಡೆ. ಅವಳ ಎದುರಿಗೇ ಹಾಗೆಂದು ಆಡಿಯೂ ಆಡಿದೆ.

ಆಫ್ರಿಕಾದ ಆ ಊರಿಗೆ ನಾನು ಹೋದದ್ದು ಬೇಸಾಯ ಕಲಿಸುವುದಕ್ಕೆ. ಬಯಲುಸೀಮೆಯ ನನಗೆ ಜೌಗುನೆಲದ ಬೇಸಾಯ ಎಷ್ಟು ಗೊತ್ತಿದೆಯೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ರೈತ ಹೆಂಗಸರನ್ನು ಮುಂದೆ ತರುವುದು ನನ್ನನ್ನು ಕಳಿಸಿದ್ದ ಬೇಸಾಯ ಕೇಂದ್ರದ ಧ್ಯೇಯವಾಗಿತ್ತು. ಅಲ್ಲಿ ಬೆಳಗ್ಗೆ ಹೊಲಕ್ಕೆ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದವರೂ ಹೆಂಗಸರೇ, ಸಂಜೆ ಹೊರೆ ಹೊತ್ತು ಎಲ್ಲರಿಗಿಂತ ಹಿಂದೆ ಬರುತ್ತಿದ್ದವರೂ ಅವರೇ. ನಾವು ಇನ್ನೆಷ್ಟು ಮುಂದಕ್ಕೆ ತರಬೇಕಿತ್ತೋ ಕಾಣೆ. ಅವರ ಭಾಷೆ ಒಂದು ವರ್ಷದಲ್ಲಿ ನನಗೆ ಹರಕುಮುರುಕಾಗಿ ಬಂತು. ಅವರು ಆಡಿದ್ದನ್ನು ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ನನ್ನ ನೆನಪಿನಲ್ಲಿ ಅವರೆಲ್ಲ ಈಗ ಹಾಗೆಯೇ ಮಾತಾಡುತ್ತಾರೆ.

ಕುಂಬಾ ವಿಧವೆ, ಎರಡು ಹೆಣ್ಣುಮಕ್ಕಳ ತಾಯಿ. ಗಂಡ ಸತ್ತ ವರ್ಷ ಅವನ ಅಣ್ಣ ಮಸಾನೆ ನದಿಯಂಚಿನ ಉಪ್ಪುನೆಲದ ತುಂಡೊಂದನ್ನು ತೋರಿಸಿ, ಇಲ್ಲಿ ಏನಾದರೂ ಬೆಳೆದುಕೊಂಡು ತಿನ್ನು ಎಂದಿದ್ದನಂತೆ. ಜೊಂಡು ಕೂಡ ನೆಟ್ಟಗೆ ಬೆಳೆಯದ ನೆಲ. ಸಮುದ್ರದ ಉಬ್ಬರಕ್ಕೆ ನದಿಯಲ್ಲಿ ಏರುವ ಉಪ್ಪುನೀರು ನುಗ್ಗದ ಹಾಗೆ ಅವಳು ಬದು ಹಾಕಿದಳು. ಊರೊಟ್ಟಿನ ಒಲೆಬೂದಿ, ಭತ್ತದ ಹೊಟ್ಟು, ಸಗಣಿ, ಎಲ್ಲವನ್ನೂ ಹನ್ನೊಂದು ವರ್ಷ ತಲೆಯ ಮೇಲೆ ಹೊತ್ತು ತಂದು ಸುರಿದಳು. ನಾನು ನೋಡುವ ಹೊತ್ತಿಗೆ ಅಲ್ಲಿ ಮಳೆಗಾಲಕ್ಕೆ ಭತ್ತ, ಬೇಸಿಗೆಗೆ ಈರುಳ್ಳಿ, ಬೆಂಡೆ, ನಮ್ಮ ಪುಂಡಿಸೊಪ್ಪು. ಪುಂಡಿಯನ್ನು ಕಂಡು ನನಗೆ ಊರಿಗೇ ಹೋಗಿಬಂದಷ್ಟು ಸಂತೋಷವಾಯಿತು.

"ಇದನ್ನೆಲ್ಲ ಯಾರು ಹೇಳ್ಕೊಟ್ರು ನಿಂಗೆ?" ಎಂದು ಕೇಳಿದೆ.

"ಹೊಟ್ಟೆ," ಎಂದಳು.

ಆ ವರ್ಷದ ಶ್ರೇಷ್ಠ ರೈತ ಮಹಿಳೆ ಎಂದು ಅವಳನ್ನೇ ಆರಿಸಿದೆ. ಸಮಾರಂಭವನ್ನು ಅವಳ ಹೊಲದಲ್ಲೇ ಇಟ್ಟೆ. ಮೇಲಧಿಕಾರಿಗಳು ಬಂದರು, ಫೋಟೋ ತೆಗೆಯುವವನು ಬಂದ. ಶಾಲು ಹೊದಿಸಿದೆವು, ಹಣ್ಣಿನ ಬುಟ್ಟಿ ಕೊಟ್ಟೆವು. ಇನ್ನು ಸಸಿ ನೆಡದೆ ನಮ್ಮವರ ಯಾವ ಸಮಾರಂಭ ಮುಗಿಯುತ್ತದೆ? ಬೆಳಗ್ಗೆಯೇ ನಾನು ಗುಂಡಿ ತೋಡಿ, ಮಾವಿನ ಸಸಿಯೊಂದನ್ನು ತಂದಿರಿಸಿದ್ದೆ. ಅದನ್ನು ಮುಂದೆ ಹಿಡಿದಾಗ ಕುಂಬಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬ್ಯಾಡಿ ಮೇಷ್ಟ್ರೇ. ಇಲ್ಲಿ ಮರ ಬ್ಯಾಡ."

"ನೋಡಿ, ಎಷ್ಟು ಸಂಕೋಚ ಈಯಮ್ಮಂಗೆ," ಎಂದು ನಾನು ಜನರ ಕಡೆ ತಿರುಗಿ ನಕ್ಕೆ. ಗಂಡಸರು ಚಪ್ಪಾಳೆ ತಟ್ಟಿದರು. ಹೆಂಗಸರು ಸುಮ್ಮನೆ ಕುಳಿತಿದ್ದರು.

ಮುಂದಿನ ಸಾಲಿನ ಕುರ್ಚಿಯಿಂದ ಮಸಾನೆ ಎದ್ದು ಬಂದ. "ಕೊಡಿ ಇಲ್ಲಿ, ಮನೆಗೆ ಹಿರಿಯ ನಾನಿದ್ದೀನಲ್ಲ." ನಾನು ಸಸಿಯನ್ನು ಗುಂಡಿಯಲ್ಲಿಟ್ಟು ನೆಟ್ಟಗೆ ಹಿಡಿದೆ, ಅವನು ಮಣ್ಣೆಳೆದ. ಫೋಟೋದಲ್ಲಿ ಹಿರಿಯರೊಬ್ಬರೇ ಕಾಣಲಿ ಎಂದು ನಾನು ಪಕ್ಕಕ್ಕೆ ಸರಿದು ನಿಂತೆ.

ಎರಡು ತಿಂಗಳಿಗೆ ಸಸಿ ಬಾಡಿತು. ಸುತ್ತಲೂ ಹಸಿರು, ಅದೊಂದೇ ಸುಟ್ಟ ಕಡ್ಡಿಯ ಹಾಗೆ ನಿಂತಿತ್ತು. ಬೇಕೆಂದೇ ನೀರು ಹಾಕಿಲ್ಲವೆಂದು ಕುರುಡನಿಗೂ ತಿಳಿಯುವಂತಿತ್ತು. ನನಗೆ ರೇಗಿತು. ಮೇಲಿನವರು ಬಂದರೆ ಮೊದಲು ವಿಚಾರಿಸುವುದು ಆ ಸಸಿಯನ್ನೇ.

"ಇದು ಸತ್ರೆ ಮುಂದಿನ ಸಲ ನಿಂಗೆ ಬೀಜ ಇಲ್ಲ," ಎಂದೆ. "ನಾವು ತೋಡಿಸಿದ ಬಾವಿಗೂ ಬೀಗ ಹಾಕಿಸ್ತೀನಿ."

ಮರುದಿನದಿಂದ ಅವಳು ನೀರು ಹಾಕತೊಡಗಿದಳು, ಮುಖ ಅತ್ತ ತಿರುಗಿಸಿಕೊಂಡು. ಸಸಿ ಚಿಗುರಿತು. ಹೋದಾಗಲೆಲ್ಲ ನಾನು ಅಳತೆಪಟ್ಟಿ ಹಿಡಿದು ಅದರ ಎತ್ತರ ಬರೆದುಕೊಳ್ಳುತ್ತಿದ್ದೆ. ಭೇಷ್ ಕುಂಬಾ, ಆಳುದ್ದ ಆಯ್ತಲ್ಲ ನಿನ್ನ ಮರ, ಎಂದು ಹೊಗಳುತ್ತಿದ್ದೆ. ಅವಳು ಬುರುಡೆ ಎತ್ತಿಕೊಂಡು ಬೆಂಡೆ ಸಾಲಿನ ಕಡೆ ಹೊರಟುಬಿಡುತ್ತಿದ್ದಳು.

ನಾಲ್ಕನೆಯ ವರ್ಷ ಮರ ಮೊದಲ ಸಲ ಹೂ ಬಿಟ್ಟಿತು. ಅದೇ ವಾರ ಒಂದು ಬೆಳಗ್ಗೆ ಕುಂಬಾ ನನ್ನ ಮನೆಯ ಬಾಗಿಲಿಗೆ ಬಂದು ನಿಂತಳು.

"ಹೊಲ ತನ್ನದು ಅಂತ ಮಸಾನೆ ಕೇಳ್ತಿದ್ದಾನೆ. ನಾಡಿದ್ದು ಊರಿನ ಹಿರೀಕರು ನ್ಯಾಯಕ್ಕೆ ಕೂತ್ಕೋತಾರೆ ಮೇಷ್ಟ್ರೇ. ನಿಮ್ಮನ್ನ ಸಾಕ್ಷಿಗೆ ಕರೀತಾರೆ."

ಅಲ್ಲಿಯ ಕಟ್ಟಳೆಯನ್ನು ನಾನು ಕೇಳಿದ್ದು ಅಂದು. ನೆಲವನ್ನು ಯಾರು ಬೇಕಾದರೂ ಉತ್ತು ಬೆಳೆಯಬಹುದು, ಆದರೆ ಅದು ಸೇರುವುದು ಮರ ನೆಟ್ಟ ಕೈಗೆ. ಮರ ಹೂ ಬಿಟ್ಟರೆ ಹಕ್ಕು ಗಟ್ಟಿಯಾಯಿತು. ಅದಕ್ಕೇ ಆ ಊರಿನ ಹೆಂಗಸರು ಹೊಲದಲ್ಲಿ ಒಂದು ಪರಂಗಿ ಗಿಡವನ್ನೂ ನೆಡುತ್ತಿರಲಿಲ್ಲ. ನೆಟ್ಟರೆ ಗಂಡನ ಮನೆಯ ನೆಲಕ್ಕೆ ಕೈ ಹಾಕಿದಳೆಂದು ಊರು ಬಿಡಿಸುತ್ತಿದ್ದರು. ಇನ್ನೊಬ್ಬರು ನೆಟ್ಟದ್ದನ್ನು ಕಿತ್ತರೂ ಅದೇ ಶಿಕ್ಷೆ. ತಾನಾಗಿ ಒಣಗಿದರೆ ಮಾತ್ರ ಯಾರೂ ಯಾರನ್ನೂ ಕೇಳುವಂತಿರಲಿಲ್ಲ.

"ಒಣಗಿಸ್ತಾ ಇದ್ದೆ," ಎಂದಳು. "ನೀವು ಬಿಡ್ಲಿಲ್ಲ."

"ಆವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ನೀವು ನಕ್ರಿ. ಆಮೇಲೆ ಹೇಗೆ ಹೇಳ್ಲಿ? ವಾರಕ್ಕೆರಡು ಸಲ ಮಸಾನೆ ಮನೇಲಿ ಉಣ್ಣೋರು ನೀವು. ನಿಮಗೆ ಹೇಳೋದೂ ಒಂದೇ, ಅವ್ನಿಗೆ ಹೇಳೋದೂ ಒಂದೇ."

ಅವಳು ಕೇಳಲು ಬಂದದ್ದು ಒಂದೇ ಮಾತು. "ಮರ ನೆಟ್ಟಿದ್ದು ನಾನೇ ಅಂತ ನೀವು ಹೇಳ್ಬಿಡಿ. ಪರದೇಶದ ಕೈಗೆ ಇಲ್ಲಿ ನೆಲ ಸೇರಲ್ಲ. ಮರ ಯಾರ್ದೂ ಅಲ್ಲ ಅಂತ ಬಿಡ್ತಾರೆ, ಹೊಲ ನನ್ ಹತ್ರಾನೇ ಉಳಿಯುತ್ತೆ. ಸುಳ್ಳೇನಲ್ವಲ್ಲ ಮೇಷ್ಟ್ರೇ. ಗುಂಡಿ ತೋಡಿದ್ದು ನೀವು, ಗಿಡ ಹಿಡಿದಿದ್ದೂ ನೀವು. ಅವ್ನು ಮಣ್ಣೆಳೆದ, ಅಷ್ಟೇ. ಹೊಲ ಹೋದ್ರೆ ನಾನೂ ಮಕ್ಕಳೂ ಅವ್ನ ಹೆಂಡ್ತೀರು ಬಡಿಸಿದಷ್ಟು ಉಣ್ಬೇಕು."

"ಆಗ್ಲಿ, ನೋಡೋಣ," ಎಂದೆ. ಈ ಮಾತನ್ನು ನಮ್ಮ ಕಡೆಯವರು ಯಾವಾಗ ಆಡುತ್ತಾರೆಂದು ಅವಳಿಗೆ ಹೇಗೆ ತಿಳಿಯಬೇಕು? ಅವಳು ಸಮಾಧಾನದಿಂದ ಹೋದಳು.

ನ್ಯಾಯದ ದಿನ ಮಸಾನೆ ನಮ್ಮ ಕೇಂದ್ರದ ಗೋಡೆಯ ಮೇಲಿದ್ದ, ಅವನು ಸಸಿ ನೆಡುತ್ತಿರುವ ಫೋಟೋವನ್ನೇ ಇಳಿಸಿಕೊಂಡು ಬಂದು ಚಾಪೆಯ ಮೇಲೆ ಇಟ್ಟಿದ್ದ. ಹೆಂಗಸರು ಚಪ್ಪರದ ಹೊರಗೆ ಬಿಸಿಲಿನಲ್ಲಿ ಕುಳಿತಿದ್ದರು. ಎಲ್ಲರಿಗಿಂತ ಹಿರಿಯನಾದವನು ಕೇಳಿದ: "ಮೇಷ್ಟ್ರೇ, ಈ ಮರ ನೆಟ್ಟ ಕೈ ಯಾರ್ದು?"

ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವುದು ನನಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಅಂದು ಅಷ್ಟು ಮಾಡಿದ್ದರೂ ಅವಳಿಗೆ ಸಾಕಾಗುತ್ತಿತ್ತು. ಆದರೆ ಎದುರಿಗೆ ಫೋಟೋ ಇತ್ತು. ನನ್ನ ವರದಿಗಳಲ್ಲಿ ನಾಲ್ಕು ವರ್ಷದಿಂದ ಸಸಿ ನೆಟ್ಟವರೆಂದು ಮಸಾನೆಯ ಹೆಸರಿತ್ತು. ಊರು ಅವನ ಮಾತು ಮೀರುತ್ತಿರಲಿಲ್ಲ, ಅವನು ಮುನಿದರೆ ಕೇಂದ್ರ ಅಲ್ಲಿ ಉಳಿಯುವಂತಿರಲಿಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ, ಅಷ್ಟು ಜನರ ಮುಂದೆ ಸುಳ್ಳುಗಾರ ಎನಿಸಿಕೊಳ್ಳಲು ನನಗೆ ಭಯವಾಗಿತ್ತು.

"ಮಸಾನೆಯವರ್ದು," ಎಂದೆ.

"ಪರದೇಶದೋನಾದ್ರೂ ಸತ್ಯವಂತ," ಎಂದು ಆ ಮುದುಕ ಪಕ್ಕದವನಿಗೆ ಹೇಳಿದ್ದು ನನಗೆ ಕೇಳಿಸಿತು. ಬರೆಯಲು ನಾಚಿಕೆಯಾಗುತ್ತದೆ, ಆ ಮಾತಿಗೆ ನಾನು ಒಳಗೊಳಗೇ ಹಿಗ್ಗಿದೆ. ಹೊರಗೆ ಕುಂಬಾ ಎದ್ದು, ಬಟ್ಟೆಗೆ ಮೆತ್ತಿದ್ದ ಧೂಳು ಕೊಡವಿ, ಮಕ್ಕಳನ್ನು ಕರೆದುಕೊಂಡು ಹೋದಳು.

ಆ ಸಂಜೆ ಮಸಾನೆ ಒಂದು ಹುಂಜ ಕಳಿಸಿದ. ಮರುದಿನ ಬೆಳಗ್ಗೆ ಕುಂಬಾ ಬುಟ್ಟಿ ಹೊತ್ತು ಬಂದಳು. ಬುಟ್ಟಿಯ ತುಂಬ ಈರುಳ್ಳಿ, ಇನ್ನೂ ಗೆಡ್ಡೆ ಕಟ್ಟದ್ದು. ಮಧ್ಯಾಹ್ನದೊಳಗೆ ಹೊಲ ಬಿಡಬೇಕಾಗಿದ್ದರಿಂದ ಇದ್ದ ಹಾಗೆಯೇ ಕಿತ್ತಿದ್ದಳು.

"ಸಾಕ್ಷಿ ಹೇಳಿದೋರಿಗೆ ಗೆದ್ದೋರೂ ಕೊಡ್ಬೇಕು, ಸೋತೋರೂ ಕೊಡ್ಬೇಕು. ನಮ್ಮಲ್ಲಿ ಹಾಗೆ."

"ಬೇಡ ಕುಂಬಾ."

"ನೀವು ಬ್ಯಾಡ ಅಂದ್ರೆ ನಾನು ತೀರ್ಮಾನ ಒಪ್ಪಲಿಲ್ಲ ಅಂತಾಗುತ್ತೆ. ಅದಕ್ಕೆ ಬೇರೆ ದಂಡ. ತಗೊಳ್ಳಿ."

ಜಗಲಿಯ ಮೇಲೆ ಕುಳಿತು ಒಂದೊಂದನ್ನೇ ಎತ್ತಿ ಇಟ್ಟಳು. ಇಡುವ ಮೊದಲು ಬೇರಿಗೆ ಅಂಟಿದ್ದ ಕರಿಮಣ್ಣನ್ನು ಬೆರಳಿನಿಂದ ಉದುರಿಸಿ ಉದುರಿಸಿ ಬುಟ್ಟಿಗೇ ಹಾಕಿಕೊಂಡಳು; ಮಣ್ಣನ್ನೂ ಕೊಡಬೇಕೆಂಬ ಕಟ್ಟಳೆ ಇರಲಿಲ್ಲ. ಕೊನೆಗೆ ಬುಟ್ಟಿಯ ತಳದಲ್ಲಿ ಎರಡು ಬೊಗಸೆಯಷ್ಟು ಮಣ್ಣು ಉಳಿಯಿತು. ಅದನ್ನು ತಲೆಯ ಮೇಲೆ ಇಟ್ಟುಕೊಂಡು ಹೋದಳು.

ಈರುಳ್ಳಿ ಎಳೆಯದು, ಇಟ್ಟರೆ ಕೆಡುತ್ತಿತ್ತು. ಮೂರು ದಿನ ಪಲ್ಯ ಮಾಡಿಕೊಂಡು ತಿಂದೆ. ರುಚಿಯಾಗಿತ್ತು.